ಯಂತ್ರಗಳಿವೆ, ಮೇಷ್ಟ್ರಿಲ್ಲ

ವರ್ಷದ ಹಣವನ್ನು ಮೊದಲೇ ಕಟ್ಟಿಸಿಕೊಳ್ಳುವ ವ್ಯವಹಾರವನ್ನು ಸ್ವಲ್ಪ ಅನುಮಾನದಿಂದಲೇ ನೋಡಬೇಕು. ಮೈಸೂರಿನ ನಮ್ಮ ಬಡಾವಣೆಯ ಜಿಮ್ಮಿನ ದರಪಟ್ಟಿಯೂ ಊರಿನ ಉಳಿದ ಜಿಮ್ಮುಗಳ ಹಾಗೆಯೇ ಇದೆ. ಒಂದು ತಿಂಗಳಿಗೆ ಸೇರುವವರಿಗೆ ದುಬಾರಿ, ಮೂರು ತಿಂಗಳಿಗಾದರೆ ತುಸು ರಿಯಾಯಿತಿ, ವರ್ಷಕ್ಕೆ ಒಟ್ಟಿಗೆ ಕಟ್ಟಿದರೆ ತಿಂಗಳ ಲೆಕ್ಕದಲ್ಲಿ ಅರ್ಧಕ್ಕೂ ಕಡಿಮೆ. ಯುಗಾದಿಗೊಂದು ಆಫರ್, ದಸರೆಗೊಂದು ಆಫರ್. ಹೊಸ ವರ್ಷಕ್ಕೆ ಗಂಡ ಹೆಂಡತಿ ಇಬ್ಬರೂ ಸೇರಿದರೆ ಇನ್ನೂ ಅಗ್ಗ. ಇಷ್ಟು ಕಡಿಮೆಗೆ ಕೊಟ್ಟರೆ ಅವರಿಗೆ ಗಿಟ್ಟುವುದಾದರೂ ಹೇಗೆ? ಕಟ್ಟಿದವರೆಲ್ಲ ಬರುವುದಿಲ್ಲ, ಅದರಿಂದ ಗಿಟ್ಟುತ್ತದೆ. ಎಲ್ಲರೂ ಬಂದುಬಿಟ್ಟರೆ ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೂ ಜಾಗ ಇರುವುದಿಲ್ಲ.

ಇದನ್ನು ಲೆಕ್ಕ ಹಾಕಿ ನೋಡಿದವರಿದ್ದಾರೆ. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಮೂರು ಜಿಮ್ಮುಗಳ 7,752 ಸದಸ್ಯರ ಹಾಜರಿಯನ್ನು ಪರಿಶೀಲಿಸಿ 2006ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗೂ ಹೆಚ್ಚು ಕಟ್ಟುತ್ತಿದ್ದವರು ತಿಂಗಳಲ್ಲಿ ಸರಾಸರಿ 4.3 ಸಲ ಮಾತ್ರ ಬರುತ್ತಿದ್ದರು. ಒಂದೊಂದು ಭೇಟಿಗೆ 17 ಡಾಲರಿಗೂ ಮೇಲೆ ಬೀಳುತ್ತಿತ್ತು. ಅದೇ ಜಿಮ್ಮಿನಲ್ಲಿ ಹತ್ತು ಭೇಟಿಯ ಪಾಸು ಕೊಂಡಿದ್ದರೆ ಸಲಕ್ಕೆ 10 ಡಾಲರ್ ಸಾಕಾಗಿತ್ತು. ನಾಳೆ ತಾನು ಏನೇನೋ ಮಾಡುತ್ತೇನೆಂದು ಮನುಷ್ಯ ತನ್ನನ್ನೇ ಅತಿಯಾಗಿ ನಂಬುತ್ತಾನೆ, ಅದಕ್ಕೇ ಹೀಗೆ ಎಂಬುದು ಅವರ ವಿವರಣೆ. ಒಪ್ಪಬಹುದಾದ ಮಾತೇ. ಆದರೆ ನಮ್ಮ ಜಿಮ್ಮಿಗೆ ಬಂದು ಬಿಟ್ಟವರನ್ನು ಹತ್ತಿರದಿಂದ ಕಂಡ ಮೇಲೆ ನನಗೆ ಇನ್ನೊಂದು ಕಾರಣವೂ ಕಾಣುತ್ತದೆ. ಅವರೆಲ್ಲ ಸೋಮಾರಿಗಳಲ್ಲ. ಬೆಳಗ್ಗೆ ಐದಕ್ಕೆ ಎದ್ದು ಡಬ್ಬಿ ಕಟ್ಟಿ, ಮಕ್ಕಳನ್ನು ಬಸ್ಸಿಗೆ ಹತ್ತಿಸಿ, ಆಮೇಲೆ ಬಂದವರು. ಒಳಗೆ ಬಂದು ಏನು ಮಾಡಬೇಕೆಂದು ಯಾರೂ ಹೇಳಲಿಲ್ಲ. ಕೇಳುವುದಕ್ಕೆ ನಾಚಿಕೆ. ಪಕ್ಕದವರು ಮಾಡಿದ್ದನ್ನು ನೋಡಿ ಮಾಡಿದರು, ಸೊಂಟ ಹಿಡಿಯಿತು, ಮನೆಯಲ್ಲಿ ಬೈಸಿಕೊಂಡರು, ಬಿಟ್ಟರು. ಇವರನ್ನು ಕಳೆದುಕೊಂಡದ್ದರಿಂದ ಜಿಮ್ಮಿಗೆ ಒಂದು ರೂಪಾಯಿಯ ನಷ್ಟವೂ ಆಗಲಿಲ್ಲ. ನನ್ನ ತಕರಾರು ಇರುವುದು ಇಲ್ಲಿ. ಸದಸ್ಯ ಕಲಿತರೂ ಕಲಿಯದಿದ್ದರೂ ತನಗೆ ಒಂದೇ ಎನ್ನುವ ವ್ಯವಸ್ಥೆಯಲ್ಲಿ ಕಲಿಸುವವನು ಹುಟ್ಟುವುದಿಲ್ಲ.

ನಾನು ಸೇರಿದ್ದು ಐವತ್ತು ದಾಟಿದ ಮೇಲೆ. ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಗಡಿರೇಖೆಯ ಮೇಲೆ ಬಂದು ನಿಂತಿತ್ತು, ಮೆಟ್ಟಿಲು ಇಳಿಯುವಾಗ ಮಂಡಿ ಮಾತಾಡುತ್ತಿತ್ತು. ಬೇಕರಿಯೊಂದರ ಮೇಲಿನ ಎರಡನೆಯ ಮಹಡಿ. ಮೇಲೆ ಬೆವರುವವರಿಗೆ ಕೆಳಗಿನಿಂದ ಬೆಣ್ಣೆ ಬಿಸ್ಕತ್ತಿನ ವಾಸನೆ. ಮೊದಲ ದಿನ ಸೊಂಟದಳತೆ, ತೂಕ ಬರೆದುಕೊಂಡರು. ಟ್ರೈನರ್ ಹುಡುಗ ಒಳ್ಳೆಯವನೇ. "ಮೇಡಂ, ಟ್ರೆಡ್‌ಮಿಲ್ ಮೇಲೆ ಅರ್ಧ ಗಂಟೆ ನಡೀರಿ, ಸೈಕಲ್ ಮಾಡಿ, ವೆಯ್ಟ್ ಎಲ್ಲಾ ಆಮೇಲೆ ನೋಡೋಣ" ಅಂದ. ಜೊತೆಗೆ ಗುಲಾಬಿ ಬಣ್ಣದ ಎರಡು ಡಂಬ್‌ಬೆಲ್ ತೋರಿಸಿದ. ನಮ್ಮ ಮನೆಯ ದೋಸೆ ಹಿಟ್ಟಿನ ಪಾತ್ರೆ ಅದಕ್ಕಿಂತ ಭಾರ. ಅವನ 'ಆಮೇಲೆ' ಬರುವುದಕ್ಕೆ ಪರ್ಸನಲ್ ಟ್ರೈನಿಂಗ್ ಎಂಬ ಬೇರೆ ಶುಲ್ಕವಿತ್ತು, ಅದು ಸದಸ್ಯತ್ವದ ಹಲವು ಪಟ್ಟು. ಆ ಶುಲ್ಕ ಕಟ್ಟಿದವರಿಗೆ ಅವನು ಪಕ್ಕದಲ್ಲೇ ನಿಂತು ಎಣಿಸುತ್ತಿದ್ದ. ನಾವು ಉಳಿದವರು ಯಂತ್ರದ ಮೇಲೆ ಅಂಟಿಸಿದ ಚಿತ್ರ ನೋಡಿಕೊಂಡು ನಮ್ಮ ಪಾಡಿಗೆ ಎಳೆಯುತ್ತಿದ್ದೆವು.

ಹೆಂಗಸು ಅಂದರೆ ತೆಳ್ಳಗಾಗಲು ಬಂದವಳು, ಗಂಡಸು ಅಂದರೆ ದಪ್ಪ ತೋಳು ಮಾಡಿಕೊಳ್ಳಲು ಬಂದವನು ಎಂದು ಜಿಮ್ಮು ಮೊದಲೇ ತೀರ್ಮಾನಿಸಿರುತ್ತದೆ. ಬಲ ಬೇಕೆಂದು ಬಂದವರಿಗೆ ಅಲ್ಲಿ ಖಾನೆಯಿಲ್ಲ.

ನನಗೆ ಬೇಕಾದದ್ದು ಬಲ. ಅದು ಯಾಕೆ ಬೇಕು ಎನ್ನುವುದಕ್ಕೆ ಜಿಮ್ಮಿಗಿಂತ ನಮ್ಮ ಮನೆಗಳನ್ನು ನೋಡಿದರೆ ಹೆಚ್ಚು ತಿಳಿಯುತ್ತದೆ. ನನ್ನ ತಾಯಿ ಈಳಿಗೆಮಣೆಯ ಮುಂದೆ ಕೂತು ತರಕಾರಿ ಹೆಚ್ಚುತ್ತಿದ್ದರು, ನೆಲದ ಮೇಲೆ ಕೂತು ಊಟ ಬಡಿಸಿಕೊಳ್ಳುತ್ತಿದ್ದರು, ಕುಕ್ಕರಗಾಲಲ್ಲಿ ಕೂತು ರಂಗೋಲಿ ಇಡುತ್ತಿದ್ದರು. ಹಾಸಿಗೆ ನೆಲದ ಮೇಲೆ, ಬಟ್ಟೆ ಒಗೆಯುವ ಕಲ್ಲು ನೆಲದ ಮಟ್ಟದಲ್ಲಿ, ಕಕ್ಕಸೂ ಹಾಗೆಯೇ. ದಿನಕ್ಕೆ ಎಷ್ಟು ಸಲ ಅವರು ನೆಲದಿಂದ ಎದ್ದು ನಿಲ್ಲುತ್ತಿದ್ದರೋ ಯಾರೂ ಎಣಿಸಲಿಲ್ಲ. ಆಮೇಲೆ ಒಲೆ ಕಟ್ಟೆಯ ಮೇಲೇರಿತು. ಊಟದ ಮೇಜು ಬಂತು, ಮಂಚ ಬಂತು, ವಾಷಿಂಗ್ ಮೆಷಿನ್ ಬಂತು, ಕಮೋಡ್ ಬಂತು. ಒಂದೊಂದೂ ಬರಬೇಕಾದದ್ದೇ, ಈಳಿಗೆಮಣೆಗೆ ಮರಳಿ ಹೋಗೋಣ ಎನ್ನುವವರ ಗುಂಪಿಗೆ ನಾನು ಸೇರುವುದಿಲ್ಲ. ಆದರೆ ಇವೆಲ್ಲ ಸೇರಿ ನಮ್ಮ ತೊಡೆಯ ಸ್ನಾಯುಗಳಿಂದ ಒಂದು ದಿನಚರಿಯನ್ನು ಕಿತ್ತುಕೊಂಡವು, ಅದರ ಜಾಗಕ್ಕೆ ಬೇರೇನೂ ಬರಲಿಲ್ಲ. ಇವತ್ತು ಮದುವೆ ಮನೆಯಲ್ಲಿ ಪಂಕ್ತಿಗೆ ನೆಲದಲ್ಲಿ ಕೂರಿ ಎಂದರೆ ನನ್ನ ವಯಸ್ಸಿನ ಅರ್ಧ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಬ್ರೆಜಿಲಿನ ವೈದ್ಯ ಕ್ಲಾಡಿಯೊ ಗಿಲ್ ಅರಾವುಜೊ ಮತ್ತು ಜೊತೆಗಾರರು 51ರಿಂದ 80 ವರ್ಷದ 2,002 ಜನರನ್ನು ನೆಲದ ಮೇಲೆ ಕೂತು ಏಳಲು ಹೇಳಿ ಅಂಕ ಕೊಟ್ಟರು. ಕೈ, ಮಂಡಿ ಊರಿದಷ್ಟೂ ಅಂಕ ಕಡಿಮೆ. ಮುಂದಿನ ವರ್ಷಗಳಲ್ಲಿ ಕಡಿಮೆ ಅಂಕದವರಲ್ಲಿ ಸಾವು ಹೆಚ್ಚಿತ್ತು ಎಂದು 2012ರಲ್ಲಿ ವರದಿಯಾಯಿತು. ಕೂತು ಏಳಲು ಬಾರದೆ ಯಾರೂ ಸಾಯುವುದಿಲ್ಲ, ನಿಜ. ಆದರೆ ಸ್ನಾಯು, ಕೀಲು, ಸಮತೋಲ, ಮೈತೂಕ ಎಲ್ಲದರ ಸ್ಥಿತಿಯನ್ನೂ ಅದು ಒಂದೇ ಏಟಿಗೆ ಹೇಳಿಬಿಡುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ಎತ್ತುವವರಲ್ಲಿ ಹೆಚ್ಚಿನವರು ಗಂಡಸರು: ಮನೆಗೆಲಸ ಮಾಡಿದರೆ ಸಾಲದೆ, ಅದೇ ವ್ಯಾಯಾಮವಲ್ಲವೆ? ಹಿಂದಿನವರು ಹೊಲದಲ್ಲಿ ದುಡಿದು ಗಟ್ಟಿಯಾಗಿರಲಿಲ್ಲವೆ? ಹಳ್ಳಿಯಲ್ಲಿ ಎಪ್ಪತ್ತು ದಾಟಿದ ಹೆಂಗಸರ ಬೆನ್ನನ್ನು ಒಮ್ಮೆ ನೋಡಬೇಕು. ಬಾಗಿ ನಾಟಿ ಮಾಡಿ, ಬಾಗಿ ಕಳೆ ಕಿತ್ತು, ಬಾಗಿ ಗುಡಿಸಿದ ಬೆನ್ನು ಕೊನೆಗೆ ನೆಟ್ಟಗಾಗುವುದನ್ನೇ ಮರೆತಿರುತ್ತದೆ. ದುಡಿಮೆ ಮೈಯನ್ನು ಬಳಸುತ್ತದೆ, ಕಟ್ಟಲೇಬೇಕೆಂಬ ಹೊಣೆ ಅದಕ್ಕಿಲ್ಲ. ಅಲ್ಲಿ ಬಿಡುವು ನಮ್ಮ ಕೈಯಲ್ಲಿಲ್ಲ, ಭಾರ ಎಷ್ಟಿರಬೇಕೆಂಬುದು ನಮ್ಮ ಕೈಯಲ್ಲಿಲ್ಲ, ಒಂದೇ ಚಲನೆಯನ್ನು ಸಾವಿರ ಸಲ ಮಾಡಬೇಕು, ನೋವಾದರೂ ನಿಲ್ಲಿಸುವಂತಿಲ್ಲ. ಕೋಪನ್‌ಹೇಗನ್ನಿನ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಗಮನಿಸಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಬಿಡುವಿನ ವೇಳೆಯಲ್ಲಿ ಮೈ ದಣಿಸುವವರಿಗೆ ಹೃದ್ರೋಗ ಕಡಿಮೆ ಇತ್ತು; ಕೆಲಸದಲ್ಲೇ ಹೆಚ್ಚು ಮೈ ದಣಿಸುವವರಿಗೆ ಹೆಚ್ಚಿತ್ತು. ಇದರಲ್ಲಿ ಬಡತನದ ಪಾಲೂ ಇರಬಹುದು ಎಂಬ ಚರ್ಚೆ ಇದೆ, ಇರಲಿ. ಮನೆಗೆಲಸವನ್ನು ವ್ಯಾಯಾಮ ಎಂದು ಕರೆಯುವವರು ಅದನ್ನು ತಾವೂ ಮಾಡುತ್ತಾರೆಯೇ ಎಂದು ನಾನು ಕೇಳುವುದುಂಟು. ಅಲ್ಲಿಗೆ ಮಾತು ಬೇರೆ ಕಡೆ ತಿರುಗುತ್ತದೆ.

ಇನ್ನೊಂದು ಆಕ್ಷೇಪ ಸ್ವಲ್ಪ ಗಂಭೀರ: ನಡೆದರೆ ಸಾಕು, ಭಾರ ಎತ್ತುವ ಉಸಾಬರಿ ಯಾಕೆ? ಬೆಳಗಿನ ಕುಕ್ಕರಹಳ್ಳಿ ಕೆರೆ ಏರಿಯನ್ನು ನೋಡಿದವರಿಗೆ ನಮ್ಮ ಊರಿನ ನಡಿಗೆಯ ಪ್ರೀತಿ ಗೊತ್ತು, ನಾನೂ ಅಲ್ಲಿ ನಡೆದವಳೇ. ನಡಿಗೆ ಹೃದಯಕ್ಕೆ, ಮನಸ್ಸಿಗೆ, ಹರಟೆಗೆ ಒಳ್ಳೆಯದು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷದ ಚುರುಕು ನಡಿಗೆಯಂಥ ಚಟುವಟಿಕೆಯ ಜೊತೆಗೆ, ದೇಹದ ಮುಖ್ಯ ಸ್ನಾಯುಗಳನ್ನೆಲ್ಲ ಬಲಪಡಿಸುವ ವ್ಯಾಯಾಮವನ್ನು ವಾರಕ್ಕೆ ಕನಿಷ್ಠ ಎರಡು ದಿನ ಮಾಡಬೇಕೆನ್ನುತ್ತದೆ. 65 ದಾಟಿದವರು ಬೀಳದಂತೆ ಕಾಯುವ ಸಮತೋಲ ಮತ್ತು ಬಲದ ಅಭ್ಯಾಸಕ್ಕೆ ಮೂರು ದಿನ ಕೊಡಬೇಕು. ಮೊದಲರ್ಧ ನಮ್ಮ ಪ್ರತಿ ಡಾಕ್ಟರ ಬಾಯಲ್ಲೂ ಇದೆ. "ವಾಕಿಂಗ್ ಮಾಡ್ರೀ" ಎನ್ನದ ಡಾಕ್ಟರಿಲ್ಲ. ಎರಡನೆಯ ಅರ್ಧವನ್ನು ಹೇಳಿದವರನ್ನು ನಾನು ಹೆಚ್ಚು ಕಂಡಿಲ್ಲ.

ಭಾರತೀಯರಿಗೆ ಆ ಎರಡನೆಯ ಅರ್ಧ ಇನ್ನೂ ಮುಖ್ಯವಾಗುವುದಕ್ಕೆ ಕಾರಣವಿದೆ. ಪುಣೆಯ ಸಂಶೋಧಕ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋವನ್ನೇ ಹಾಕಿ ಒಂದು ಪುಟ್ಟ ಲೇಖನ ಬರೆದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3, ಯಾವ ಪಟ್ಟಿಯಲ್ಲಿ ನೋಡಿದರೂ ಇಬ್ಬರೂ ಸಪೂರ. ಒಳಗಿನ ಕೊಬ್ಬು ಅಳೆದರೆ ಯುಡ್ಕಿನ್ ಅವರದು 9.1 ಪ್ರತಿಶತ, ಯಾಜ್ಞಿಕ್ ಅವರದು 21.2. ನಮ್ಮಲ್ಲಿ ತೆಳ್ಳಗೆ ಕಾಣುವ ಮೈಯೊಳಗೂ ಸ್ನಾಯು ಕಡಿಮೆ, ಕೊಬ್ಬು ಜಾಸ್ತಿ. ಊಟದ ನಂತರ ರಕ್ತಕ್ಕೆ ಬಂದ ಸಕ್ಕರೆಯ ದೊಡ್ಡ ಪಾಲನ್ನು ಎಳೆದುಕೊಳ್ಳುವುದು ಸ್ನಾಯು. ಆ ಉಗ್ರಾಣವೇ ಚಿಕ್ಕದಾದರೆ ಸಕ್ಕರೆ ಬೀದಿಯಲ್ಲಿ ಉಳಿಯುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಹೊಸ್ತಿಲಲ್ಲಿ ನಿಂತ ನಮ್ಮಂಥವರಿಗೆ ಜಿಮ್ಮು ಮೊದಲು ತೋರಿಸುವುದು ತೂಕದ ಯಂತ್ರವನ್ನು. ಎಷ್ಟು ಕೆಜಿ ಇಳಿಯಿತು ಎಂಬ ಒಂದೇ ಪ್ರಶ್ನೆ. ಇಳಿದದ್ದು ಕೊಬ್ಬೋ ಸ್ನಾಯುವೋ ಎಂದು ಕೇಳುವವರಿಲ್ಲ.

ವಯಸ್ಸಾದ ಮೇಲೆ ಏನು ಎತ್ತಿದರೂ ವ್ಯರ್ಥ ಎನ್ನುವವರಿಗೆ 1990ರ ಒಂದು ಅಧ್ಯಯನವಿದೆ. ಬೋಸ್ಟನ್ನಿನ ವೃದ್ಧಾಶ್ರಮದ ಹತ್ತು ನಿವಾಸಿಗಳು, ಸರಾಸರಿ ವಯಸ್ಸು ತೊಂಬತ್ತು. ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಅವರಿಂದ ಎಂಟು ವಾರ ಕಾಲಿಗೆ ಭಾರ ಹೊರಿಸಿ ವ್ಯಾಯಾಮ ಮಾಡಿಸಿದರು. ಹೂವೆತ್ತಿದ ಹಾಗೆ ಮಾಡಿಸಲಿಲ್ಲ. ಒಬ್ಬೊಬ್ಬರ ಶಕ್ತಿ ಅಳೆದು ಅದಕ್ಕೆ ತಕ್ಕ ನಿಜವಾದ ಭಾರವನ್ನೇ ಕೊಟ್ಟರು. ಪೂರ್ತಿ ಮುಗಿಸಿದ ಒಂಬತ್ತು ಜನರ ಕಾಲಿನ ಬಲ ಸರಾಸರಿ 174 ಪ್ರತಿಶತ ಏರಿತ್ತು, ಎಂದರೆ ಮೊದಲಿದ್ದದ್ದರ ಎರಡೂವರೆ ಪಟ್ಟಿಗೂ ಹೆಚ್ಚು. ತೊಡೆಯ ಸ್ನಾಯುವಿನ ಗಾತ್ರ 9 ಪ್ರತಿಶತ ಬೆಳೆದಿತ್ತು. ಈ ಎರಡು ಅಂಕಿಗಳ ನಡುವಿನ ಅಂತರ ನೋಡಿ. ಬಲ ಅಷ್ಟು ಹೆಚ್ಚಿದ್ದು, ಗಾತ್ರ ಇಷ್ಟೇ ಹೆಚ್ಚಿದ್ದು ಹೇಗೆ? ಆರಂಭದ ವಾರಗಳಲ್ಲಿ ಸ್ನಾಯುವಿಗಿಂತ ಹೆಚ್ಚು ಕಲಿಯುವುದು ನರಮಂಡಲ. ಇರುವ ಸ್ನಾಯುವನ್ನು ಹೇಗೆ ಒಟ್ಟಿಗೆ ಕರೆಯಬೇಕು, ಯಾವುದನ್ನು ಬಿಗಿಯಬೇಕು, ಯಾವುದನ್ನು ಸಡಿಲ ಬಿಡಬೇಕು ಎಂಬುದನ್ನು ಅದು ಅಭ್ಯಾಸ ಮಾಡಿಕೊಳ್ಳುತ್ತದೆ. ಭಾರ ಎತ್ತುವುದನ್ನು ತೋಳಿನ ವಿಚಾರ ಎಂದು ತಿಳಿಯುವುದು ಪೂರ್ತಿ ಸರಿಯಲ್ಲ, ಅದರ ಅರ್ಧ ಭಾಗ ಪಾಠ. ಪಾಠವಾದರೆ ಪಾಠ ಹೇಳುವವರು ಬೇಕು.

ನಮ್ಮ ಜಿಮ್ಮಿನಲ್ಲಿ ನನಗೆ ಪಾಠ ಹೇಳಿದ್ದು ಕೊನೆಗೂ ಒಬ್ಬ ಹುಡುಗಿ. ಫಿಸಿಯೋಥೆರಪಿ ಓದುತ್ತ ಬೆಳಗಿನ ಲೇಡೀಸ್ ಬ್ಯಾಚಿಗೆ ಕೆಲವು ತಿಂಗಳು ಬರುತ್ತಿದ್ದಳು. ಮೊದಲು ಅವಳು ಯಾವ ಯಂತ್ರವನ್ನೂ ಮುಟ್ಟಗೊಡಲಿಲ್ಲ. ಒಂದು ಬೆಂಚಿನ ಮುಂದೆ ನಿಲ್ಲಿಸಿ, "ಆಂಟಿ, ಕೂತ್ಕೊಳ್ಳಿ, ಕೈ ಊರದೆ ಎದ್ದೇಳಿ" ಅಂದಳು. ಮಂಡಿ ಒಳಕ್ಕೆ ವಾಲುತ್ತಿತ್ತು, ಅದನ್ನು ತೋರಿಸಿದಳು. ಅಂಗಾಲು ಪೂರ್ತಿ ನೆಲಕ್ಕೆ ಒತ್ತಲು ಹೇಳಿದಳು. ಬೆಂಚು ತಗ್ಗಿತು, ಆಮೇಲೆ ಬೆಂಚೇ ಹೋಯಿತು, ಆಮೇಲೆ ಎದೆಯ ಹತ್ತಿರ ಹಿಡಿಯಲು ಒಂದು ಡಂಬ್‌ಬೆಲ್ ಬಂತು. ಒಂದು ನೋಟ್‌ಬುಕ್ ತರಿಸಿ, ಎಷ್ಟು ಭಾರ, ಎಷ್ಟು ಸಲ ಎಂದು ಬರೆಸಿದಳು. ಹಿಂದಿನ ವಾರದ ಸಾಲಿಗಿಂತ ಈ ವಾರದ ಸಾಲು ಕೂದಲೆಳೆಯಷ್ಟು ಮುಂದಿರಬೇಕು, ಇಲ್ಲವೇ ಅಷ್ಟೇ ಇರಬೇಕು. ಈ ವಿಧಾನಕ್ಕೂ ಒಂದು ಚರಿತ್ರೆ ಇದೆ. ಎರಡನೆಯ ಮಹಾಯುದ್ಧದ ಕೊನೆಗೆ ಶಿಕಾಗೊದ ಸೇನಾ ಆಸ್ಪತ್ರೆಯೊಂದರಲ್ಲಿ ಥಾಮಸ್ ಡೆಲೋರ್ಮ್ ಎಂಬ ವೈದ್ಯ, ಮಂಡಿ ಏಟಾದ ಸೈನಿಕರಿಗೆ ವಿಶ್ರಾಂತಿಯ ಬದಲು ಅಳೆದ ಭಾರವನ್ನು ಕೊಟ್ಟು, ವಾರ ವಾರ ಏರಿಸುತ್ತ ಬಂದರು. 1945ರಲ್ಲಿ ಅದನ್ನು ಪ್ರಕಟಿಸಿದರು. ಇವತ್ತು ಎಲ್ಲ ಜಿಮ್ಮುಗಳಲ್ಲೂ ಕೇಳುವ 'ಹತ್ತತ್ತರ ಮೂರು ಸೆಟ್' ಎಂಬ ಮಂತ್ರ ಬಂದದ್ದು ಅಲ್ಲಿಂದ, ಗಾಯಾಳುಗಳ ವಾರ್ಡಿನಿಂದ. ಮಂತ್ರ ಉಳಿಯಿತು. ಅಳೆಯುವುದು, ಬರೆಯುವುದು, ಪಕ್ಕದಲ್ಲಿ ನಿಲ್ಲುವುದು ಜಾರಿಹೋಯಿತು.

ಆ ಹುಡುಗಿಗೆ ಪರೀಕ್ಷೆ ಬಂತು, ಬಿಟ್ಟು ಹೋದಳು. ಅವಳ ಜಾಗಕ್ಕೆ ಒಂದು ಹೊಸ ಯಂತ್ರ ಬಂತು. ಮಾಲೀಕರು ಅದಕ್ಕೆ ಹಾರ ಹಾಕಿ ಕುಂಕುಮ ಇಟ್ಟು, ನಮಗೆಲ್ಲ ಲಾಡು ಕೊಟ್ಟರು.

ಹಳೆಯ ಕಾಲದಲ್ಲಿ ಹೀಗಿರಲಿಲ್ಲ, ಗರಡಿ ಮನೆಯಲ್ಲಿ ಉಸ್ತಾದರಿದ್ದರು ಎಂದು ಮೈಸೂರಿನಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಮಾತಿನಲ್ಲಿ ತಿರುಳಿದೆ. ಗರಡಿಯಲ್ಲಿ ಇದ್ದ ಸಾಮಾನು ಎಷ್ಟು? ಕೆಮ್ಮಣ್ಣಿನ ಮಟ್ಟಿ, ಗದೆ, ಕೆಲವು ಕಲ್ಲು. ಉಳಿದದ್ದೆಲ್ಲ ಉಸ್ತಾದರ ಕಣ್ಣು. ದಂಡ ಹೊಡೆಯುವಾಗ ಸೊಂಟ ಎಲ್ಲಿ ಸಡಿಲವಾಯಿತು, ಬಸ್ಕಿಯಲ್ಲಿ ಉಸಿರು ಎಲ್ಲಿ ತಪ್ಪಿತು ಎಂದು ಕಂಡು ಹೇಳುವ ಕಣ್ಣು. ದಸರೆಯ ಕುಸ್ತಿಗೆ ಜೋಡಿ ಕಟ್ಟುವಾಗ ಹುಡುಗ ಗೆದ್ದರೆ ಗರಡಿಗೆ ಹೆಸರು, ಸೋತರೆ ಉಸ್ತಾದರಿಗೂ ಅವಮಾನ. ಕಲಿಸುವವನ ಮಾನ ಕಲಿಯುವವನ ಮೈಯಲ್ಲಿ ಇತ್ತು. ಇವತ್ತಿನ ಜಿಮ್ಮಿನಲ್ಲಿ ಇಲ್ಲದ್ದು ಈ ಕಟ್ಟು. ಆದರೆ ಆ ಹೊಸ್ತಿಲಿನೊಳಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಮಂಡಿ ನೋವಿನ ಐವತ್ತರ ಗಂಡಸಿಗೂ ಅಲ್ಲಿ ಕೆಲಸವಿರಲಿಲ್ಲ. ಗರಡಿ ಇದ್ದದ್ದು ಪೈಲ್ವಾನರನ್ನು ತಯಾರು ಮಾಡಲು. ದುಡ್ಡು ಕೊಟ್ಟವರನ್ನೆಲ್ಲ ಒಳಗೆ ಬಿಡುವ ಜಿಮ್ಮು ಆ ಒಂದು ವಿಷಯದಲ್ಲಿ ಗರಡಿಗಿಂತ ಉದಾರಿ. ನನ್ನಂಥವಳು ಕಬ್ಬಿಣ ಮುಟ್ಟಿದ್ದು ಜಿಮ್ಮು ಬಂದದ್ದರಿಂದ.

ಗರಡಿಗೂ ಜಿಮ್ಮಿಗೂ ನಡುವೆ ಕನ್ನಡಿಗರು ಮರೆತ ಒಬ್ಬರಿದ್ದಾರೆ. 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕೆ.ವಿ. ಅಯ್ಯರ್ ಅವರನ್ನು ಓದುಗರು ಲೇಖಕರೆಂದು ಬಲ್ಲರು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಬಾರ್‌ಬೆಲ್ ಮತ್ತು ಆಸನಗಳನ್ನು ಒಟ್ಟಿಗೆ ಕಲಿಸಿ, 1930ರಲ್ಲೇ ಸ್ನಾಯು ಸಾಧನೆಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದವರು ಅವರೇ. ತಮ್ಮ ಮೈಕಟ್ಟಿನ ಬಗ್ಗೆ ಅವರಿಗೆ ಯಾವ ಸಂಕೋಚವೂ ಇರಲಿಲ್ಲ, ಶಿಲ್ಪದಂಥ ಫೋಟೋಗಳನ್ನು ತೆಗೆಸಿಕೊಂಡು ಅಚ್ಚು ಹಾಕಿಸಿದರು. ಆದ್ದರಿಂದ ಕನ್ನಡಿಯ ಮುಂದೆ ನಿಂತು ಮೊಬೈಲಿನಲ್ಲಿ ತೋಳಿನ ಫೋಟೋ ತೆಗೆದುಕೊಳ್ಳುವ ಹುಡುಗರನ್ನು ಕಂಡು ಕಾಲ ಕೆಟ್ಟಿತು ಎಂದು ನಾನು ಮೂಗು ಮುರಿಯಲಾರೆ. ಚೆನ್ನಾಗಿ ಕಾಣಬೇಕೆಂಬ ಆಸೆಗೆ ಈ ನಾಡಿನಲ್ಲೇ ದೊಡ್ಡವರ ಮೇಲ್ಪಂಕ್ತಿ ಇದೆ. ವ್ಯತ್ಯಾಸ ಎಲ್ಲಿ ಎಂದರೆ, ಅಯ್ಯರ್ ದೂರದವರಿಗೆ ಅಂಚೆಯ ಮೂಲಕವೂ ಪಾಠ ಹೇಳುತ್ತಿದ್ದರು. ಎದುರಿಗಿಲ್ಲದ ಶಿಷ್ಯನಿಗೆ ಕಾಗದದಲ್ಲಿ ಕಲಿಸಲು ಹೊರಟ ಪರಂಪರೆಯೊಂದು ನಮ್ಮ ಹಿಂದಿದ್ದೂ, ಎದುರಿಗೇ ನಿಂತ ಸದಸ್ಯೆಗೆ ಎರಡು ಮಾತು ಹೇಳದ ಸ್ಥಿತಿಗೆ ಬಂದಿದ್ದೇವೆ.

ಕಲಿಸದೆ ಬಿಡುವುದು ಬರೀ ಹಣ ಪೋಲಾಗುವ ವಿಚಾರವಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿಗೆ ತೀರಿಕೊಂಡಾಗ ನಾಡಿನ ದುಃಖದ ಜೊತೆಗೆ ಒಂದು ಭಯವೂ ಹರಡಿತು. ಅಂದು ಬೆಳಗ್ಗೆ ಅವರು ವ್ಯಾಯಾಮ ಮಾಡಿದ್ದರು ಎಂಬ ಸುದ್ದಿಯೇ ಸಾಕಾಯಿತು. ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಜನ ಸಾಲುಗಟ್ಟಿದರು, ಜಿಮ್ಮಿಗೆ ಹೋಗುವ ಮಕ್ಕಳನ್ನು ತಾಯಂದಿರು ತಡೆದರು. ಒಬ್ಬ ವ್ಯಕ್ತಿಯ ಸಾವಿನ ಕಾರಣವನ್ನು ಹೊರಗಿನವರು ತೀರ್ಪು ಮಾಡಬಾರದು, ನಾನೂ ಮಾಡುವುದಿಲ್ಲ. ಆದರೆ ವ್ಯಾಯಾಮ ಮತ್ತು ಹೃದಯಾಘಾತದ ಸಂಬಂಧದ ಬಗ್ಗೆ ತಿಳಿದಿರುವುದೇನು ಎಂದು ಕೇಳಬಹುದು. ಅಮೆರಿಕದ ಮಿಟಲ್‌ಮನ್ ಮತ್ತು ಸಂಗಡಿಗರ 1993ರ ಅಧ್ಯಯನದ ಪ್ರಕಾರ, ತೀವ್ರವಾಗಿ ಮೈ ದಣಿಸಿದ ಸ್ವಲ್ಪ ಹೊತ್ತಿನಲ್ಲಿ ಹೃದಯಾಘಾತದ ಸಂಭವ ಎಂದಿಗಿಂತ ಸುಮಾರು 5.9 ಪಟ್ಟು ಏರುತ್ತದೆ. ಇದು ಸರಾಸರಿ. ವಾರಕ್ಕೆ ಐದು ಸಲವೋ ಹೆಚ್ಚೋ ದಣಿಯುವ ಅಭ್ಯಾಸವಿದ್ದವರಲ್ಲಿ ಏರಿಕೆ 2.4 ಪಟ್ಟು ಮಾತ್ರ. ಅಭ್ಯಾಸವೇ ಇಲ್ಲದವರಲ್ಲಿ 107 ಪಟ್ಟು. ಯಾವುದೇ ಒಂದು ಗಂಟೆಯಲ್ಲಿ ಹೃದಯಾಘಾತವಾಗುವ ಸಂಭವವೇ ತೀರ ಸಣ್ಣದಾದ್ದರಿಂದ ಇದನ್ನು ಕೇಳಿ ಎದೆ ಹಿಡಿದುಕೊಳ್ಳಬೇಕಾಗಿಲ್ಲ. ಅಪಾಯ ಯಾರಿಗೆ, ಯಾವಾಗ ಎನ್ನುವುದನ್ನಂತೂ ಈ ಅಂಕಿಗಳು ಸ್ಪಷ್ಟವಾಗಿ ಹೇಳುತ್ತವೆ: ವರ್ಷಗಟ್ಟಲೆ ಕೂತಿದ್ದು, ಜನವರಿ ಒಂದರಂದು ಹುಮ್ಮಸ್ಸಿನಿಂದ ಬಂದು, ಪಕ್ಕದ ಇಪ್ಪತ್ತೆರಡರ ಹುಡುಗನ ಭಾರಕ್ಕೆ ಕೈ ಹಾಕುವ ನಲವತ್ತೈದರ ಮನುಷ್ಯನಿಗೆ, ಆ ಮೊದಲ ವಾರಗಳಲ್ಲಿ. ಜಿಮ್ಮಿನ ಆಫರ್ ಫ್ಲೆಕ್ಸು ಕರೆಯುವುದು ಇವನನ್ನೇ. ಬಂದ ಮೇಲೆ ಇವನ ಬಿ.ಪಿ. ಎಷ್ಟು, ಮನೆತನದಲ್ಲಿ ಯಾರಿಗಾದರೂ ಹೃದಯದ ತೊಂದರೆ ಇದೆಯೇ ಎಂದು ಕೇಳುವ ಅರ್ಜಿಯೊಂದು ಇದ್ದರೆ ಇರುತ್ತದೆ. ಅದನ್ನು ಓದುವವರು ಯಾರು?

ಪ್ರೋಟೀನ್ ಡಬ್ಬಿಗಳ ವಿಷಯ ಚಿಕ್ಕದರಲ್ಲಿ ಮುಗಿಸುತ್ತೇನೆ. ಕೌಂಟರಿನ ಹಿಂದೆ ಅವು ಗೋಡೆಯುದ್ದಕ್ಕೂ ಜೋಡಿಸಿರುತ್ತವೆ, ಟ್ರೈನರಿಗೆ ಅದರಲ್ಲಿ ಕಮಿಷನ್ ಇರುವುದು ಗುಟ್ಟೇನಲ್ಲ. ನಮ್ಮ ಊಟದಲ್ಲಿ ಅನ್ನ ಹೆಚ್ಚು, ಬೇಳೆ ನೀರು ಎನ್ನುವುದು ನಿಜವಾದ ಸಮಸ್ಯೆ. ರಾಷ್ಟ್ರೀಯ ಪೋಷಣಾ ಸಂಸ್ಥೆಯ ಲೆಕ್ಕದಲ್ಲಿ ಆರೋಗ್ಯವಂತರಿಗೆ ಮೈತೂಕದ ಕೆಜಿಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು, 60 ಕೆಜಿಯವರಿಗೆ ಸುಮಾರು 50 ಗ್ರಾಂ. ಮೊಟ್ಟೆಯೊಂದರಲ್ಲಿ 6 ಗ್ರಾಂ; ಹುರುಳಿ, ಹೆಸರುಕಾಳು, ಕಡಲೆ, ಮೊಸರು ಎಲ್ಲ ಸೇರಿಸಿ ಹೊಂದಿಸಬಹುದು. ಮೈ ಬೆಳೆಸಲು ಪ್ರೋಟೀನ್ ಪುಡಿ ಬೇಡ ಎಂದು ಅದೇ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ನೇರವಾಗಿ ಹೇಳಿದೆ. ಮೊಳಕೆ ಹುರುಳಿಯ ಉಸಲಿಯ ಮೇಲೆ ಕಮಿಷನ್ ಇಲ್ಲವಾದ್ದರಿಂದ ಅದರ ಮಾತು ಜಿಮ್ಮಿನಲ್ಲಿ ಕೇಳಿಬರುವುದಿಲ್ಲ.

ಟ್ರೈನರನ್ನು ಮಾತ್ರ ನಾನು ದೂರಲಾರೆ. ಬೆಳಗ್ಗೆ ಐದೂವರೆಗೆ ಬಾಗಿಲು ತೆರೆಯುವವನು ಅವನೇ, ರಾತ್ರಿ ಹತ್ತಕ್ಕೆ ದೀಪ ಆರಿಸುವವನೂ ಅವನೇ. ಕೈಗೆ ಬರುವ ಮೂಲ ಸಂಬಳ ಇಷ್ಟಿಷ್ಟು. ಜೀವನ ನಡೆಯುವುದು ಪರ್ಸನಲ್ ಟ್ರೈನಿಂಗ್ ಎಷ್ಟು ಜನಕ್ಕೆ ಒಪ್ಪಿಸಿದ, ಡಬ್ಬಿ ಎಷ್ಟು ಮಾರಿದ ಎನ್ನುವುದರ ಮೇಲೆ. ನಲವತ್ತು ಜನರಿಗೆ ಪುಕ್ಕಟೆ ಹೇಳಿಕೊಟ್ಟರೆ ಅವನಿಗೆ ನಷ್ಟ, ನಾಲ್ಕು ಜನರಿಗೆ ದುಡ್ಡಿಗೆ ಹೇಳಿಕೊಟ್ಟರೆ ಲಾಭ. ಇಂಥ ಏರ್ಪಾಟಿನಲ್ಲಿ ಒಳ್ಳೆಯ ಹುಡುಗನೂ ಕೆಟ್ಟ ಮೇಷ್ಟ್ರಾಗುತ್ತಾನೆ. ಸಂಬಳದ ಲೆಕ್ಕ ಬದಲಾಗದೆ ಬರೀ ಸರ್ಟಿಫಿಕೇಟ್ ಕಡ್ಡಾಯ ಮಾಡಿದರೆ ಗೋಡೆಗೆ ಇನ್ನೊಂದು ಫ್ರೇಮು ಸೇರುತ್ತದೆ, ಅಷ್ಟೆ. ಜಿಮ್ಮುಗಳಿಂದ ನಾವು ಸದಸ್ಯರು ಕೇಳಬೇಕಾದದ್ದು ತೀರ ಸಣ್ಣದು. ಸೇರಿದ ಮೊದಲ ತಿಂಗಳು ಪ್ರತಿಯೊಬ್ಬರಿಗೂ ಕಲಿಕೆಯ ತಿಂಗಳಾಗಿರಲಿ, ಅದರ ಖರ್ಚು ಸದಸ್ಯತ್ವದ ಶುಲ್ಕದೊಳಗೇ ಬರಲಿ. ಶುಲ್ಕ ತುಸು ಏರಿದರೂ ಏರಲಿ. ವರ್ಷದ ಹಣವನ್ನು ಒಟ್ಟಿಗೆ ಕಟ್ಟದೆ ತಿಂಗಳು ತಿಂಗಳು ಕಟ್ಟುವ ಹತ್ತು ಸದಸ್ಯರಿದ್ದರೆ ಮಾಲೀಕರ ಕಿವಿ ತಾನೇ ನೆಟ್ಟಗಾಗುತ್ತದೆ. ಬಂದವರನ್ನು ಉಳಿಸಿಕೊಂಡರೆ ಲಾಭ ಎಂದಾದಾಗ ಮಾತ್ರ ಕಲಿಸುವವನಿಗೆ ಬೆಲೆ ಬರುತ್ತದೆ.

ಜಿಮ್ಮಿನ ಶುಲ್ಕ ಕಟ್ಟಲಾಗದವರ ಸಂಖ್ಯೆ ದೊಡ್ಡದು, ಅವರಿಗೆಂದೇ ಸರ್ಕಾರ ಮತ್ತು ನಗರಪಾಲಿಕೆಗಳು ಪಾರ್ಕುಗಳಲ್ಲಿ ಬಯಲು ಜಿಮ್ಮು ಮಾಡಿಸಿವೆ. ಒಳ್ಳೆಯ ಉದ್ದೇಶ. ಆದರೆ ಖಾಸಗಿ ಜಿಮ್ಮಿನ ರೋಗವೇ ಅಲ್ಲಿ ಇನ್ನೂ ಉಲ್ಬಣವಾಗಿ ಕಾಣುತ್ತದೆ. ಹಸಿರು ಹಳದಿ ಬಣ್ಣದ ಆ ಉಪಕರಣಗಳನ್ನು ಗಮನಿಸಿ. ಕಾಲು ಹಿಂದಕ್ಕೂ ಮುಂದಕ್ಕೂ ತೂಗುವ ಕಂಬಿ, ಸೊಂಟ ತಿರುಗಿಸುವ ತಟ್ಟೆ, ಕೈಯಲ್ಲಿ ತಿರುಗಿಸುವ ಚಕ್ರ. ಇವುಗಳಲ್ಲಿ ಹೆಚ್ಚಿನವಕ್ಕೆ ಭಾರ ಏರಿಸುವ ಉಪಾಯವೇ ಇಲ್ಲ. ಮೊದಲ ದಿನ ಎಷ್ಟೋ ವರ್ಷದ ಕೊನೆಗೂ ಅಷ್ಟೇ. ಬಲ ಬರುವುದು ಏರುವ ಭಾರದಿಂದ ಎಂಬುದು ಟೆಂಡರ್ ಬರೆದವರಿಗೆ ತಿಳಿದಿದ್ದಂತಿಲ್ಲ. ಬೆಳಗ್ಗೆ ಮಕ್ಕಳು ಜೀಕುತ್ತಾರೆ, ಅಜ್ಜಂದಿರು ಅದರ ಮೇಲೆ ಕೂತು ಪೇಪರ್ ಓದುತ್ತಾರೆ, ಎರಡು ಮಳೆಗಾಲ ಕಳೆದರೆ ಬೇರಿಂಗು ತುಕ್ಕು ಹಿಡಿಯುತ್ತದೆ. ಭಾರತದ ವಯಸ್ಕರಲ್ಲಿ ಅರ್ಧದಷ್ಟು ಜನ, 2022ರ ಲೆಕ್ಕದಲ್ಲಿ 49.4 ಪ್ರತಿಶತ, ಅಗತ್ಯವಿದ್ದಷ್ಟು ಮೈ ಆಡಿಸುವುದಿಲ್ಲ ಎಂದು ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್ ಅಂದಾಜು ಮಾಡಿದೆ. ಹೆಂಗಸರಲ್ಲಿ ಅದು 57, ಗಂಡಸರಲ್ಲಿ 42. ಈ ಹೆಂಗಸರು ಕಾಲು ತೂಗುವ ಕಂಬಿ ಇಲ್ಲವೆಂದು ಸುಮ್ಮನಿದ್ದವರಲ್ಲ.

ಒಂದು ಪಾರ್ಕಿನ ಉಪಕರಣಗಳಿಗೆ ಖರ್ಚಾಗುವ ಹಣದಲ್ಲಿ ದೈಹಿಕ ಶಿಕ್ಷಣ ಓದಿ ಕೆಲಸ ಹುಡುಕುತ್ತಿರುವ ಒಬ್ಬ ಹುಡುಗಿಯನ್ನು ವಾರಕ್ಕೆ ಮೂರು ಬೆಳಗು ಆ ಪಾರ್ಕಿಗೆ ಕರೆತರಬಹುದು. ಹೆಂಗಸರಿಗೆ ಒಗ್ಗುವ ಹೊತ್ತಿನಲ್ಲಿ, ಮಕ್ಕಳು ಶಾಲೆಗೆ ಹೋದ ಮೇಲೆ. ಬೇಕಾದದ್ದು ಒಂದು ಸಿಮೆಂಟಿನ ಕಟ್ಟೆ, ಮರಳು ತುಂಬಿದ ಕೆಲವು ಚೀಲಗಳು, ಒಂದು ನೋಟ್‌ಬುಕ್. ಹೀಗೆಂದು ನಮ್ಮ ವಾರ್ಡಿನ ಸಭೆಯಲ್ಲಿ ನಾವು ಕೆಲವರು ಕೇಳಿದೆವು. ಉಪಕರಣಕ್ಕೆ ಅನುದಾನದ ಶೀರ್ಷಿಕೆ ಇದೆ, ಮನುಷ್ಯರ ಸಂಬಳಕ್ಕೆ ಆ ಶೀರ್ಷಿಕೆಯಡಿ ಅವಕಾಶವಿಲ್ಲ ಎಂಬ ಉತ್ತರ ಬಂತು. ಹಾಗಾದರೆ ಶೀರ್ಷಿಕೆ ಬದಲಿಸಬೇಕಾದವರು ಯಾರು ಎಂದು ಬರೆದು ಕೇಳಿದ್ದೇವೆ, ಅರ್ಜಿಗೆ ಸಹಿ ಹಾಕಿದವರಲ್ಲಿ ಹೆಚ್ಚಿನವರು ಜಿಮ್ಮಿಗೆ ವರ್ಷದ ಹಣ ಕಟ್ಟಿ ಬಿಟ್ಟವರು.